ತಮ್ಮನ ಹೊಸ ಬೋರಿಂಗ್ ಹೆಡ್

ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿಗೆ ನನ್ನ ತಮ್ಮ ಡಿಜಿಟಲ್ ಬೋರಿಂಗ್ ಹೆಡ್ ತಂದಾಗ ನಾನು ಮೂಗು ಮುರಿದಿದ್ದೆ. ಕಬ್ಬಿಣದ ತೂತನ್ನು ಅಳತೆಗೆ ಸರಿಯಾಗಿ ಹಿಗ್ಗಿಸಲು ಹಳೆಯದೇನು ಕಡಿಮೆಯಿತ್ತು? ಗಟ್ಟಿ ಮೈ, ಎಷ್ಟು ದಪ್ಪ ಕಟ್ ಕೊಟ್ಟರೂ ತಾಳುತ್ತಿತ್ತು. ಕೊರೆಯುವ ಟೂಲನ್ನು ಸರಿಸುವ ಸ್ಕ್ರೂ ಮಾತ್ರ ಸವೆದಿತ್ತು. ಡಯಲ್ ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದೆ ತಂದು, ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟರೇ ಟೂಲ್ ಹೇಳಿದಲ್ಲಿ ಕೂರುವುದು. ಆ ಪೆಟ್ಟಿನ ಹದ ನನಗೊಬ್ಬನಿಗೇ ಗೊತ್ತು ಎಂಬ ಜಂಬ ನನಗೆ. ಹೊಸದರಲ್ಲಿ ಟೂಲ್ ನಿಜಕ್ಕೂ ಎಷ್ಟು ಸರಿದಿದೆ ಎಂಬುದನ್ನು ಪುಟ್ಟ ಪರದೆಯೇ ತೋರಿಸುತ್ತದೆ.

ಈ ಹಂಗಾಮಿನಲ್ಲಿ ಅಕ್ಕಲಕೋಟದಿಂದ ಅಕ್ಕನ ಗಂಡ, ನಮ್ಮ ಮಾವ, ಕಬ್ಬಿನ ಗಾಣದ ಬೇರಿಂಗ್ ಹೌಸಿಂಗ್ ತಂದರು. ಬೇರಿಂಗ್ ಒಡೆದು, ಅದು ಕೂರುವ ತೂತು ಸೊಟ್ಟ ಸವೆದಿತ್ತು. ತೂತು ಹಿಗ್ಗಿಸಿ ದೊಡ್ಡ ಬೇರಿಂಗ್ ಹಾಕಬೇಕು. ಅಂಥ ಹೌಸಿಂಗ್ ಈಗ ಯಾರೂ ಮಾಡುವುದಿಲ್ಲ.

"ಕಬ್ಬ ಕಡದು ಹೊಲದಾಗ ಬಿದ್ದೈತಿ, ಒಣಗಾಕತ್ತೈತಿ. ಇದೊಂದ್ ಕೆಟ್ರ ಬೆಲ್ಲಾನೂ ಇಲ್ಲ, ಏನೂ ಇಲ್ಲ," ಎಂದರು ಮಾವ.

ಒರಟು ಕೆಲಸವನ್ನು ಹಳೆಯ ಹೆಡ್ಡಿನಲ್ಲೇ ಮುಗಿಸಿದೆ. ಉಳಿದದ್ದು ಕೊನೆಯ ಕಟ್. ಕೂದಲೆಳೆಯಷ್ಟು ಹೆಚ್ಚಾದರೂ ಬೇರಿಂಗ್ ಸಡಿಲ, ಹೌಸಿಂಗ್ ಗುಜರಿಗೆ.

"ಇದನ್ನ ಹೊಸಾದ್ರಾಗ ತಗೋಳೂಣು," ಎಂದ ತಮ್ಮ. ಗೊಣಗುತ್ತಲೇ ಹೊಸದನ್ನು ಹಾಕಿ, ಅಳತೆ ಇಟ್ಟು, ರೂಢಿಯಂತೆ ಸುತ್ತಿಗೆ ಎತ್ತಿದೆ.

"ಏ ಅಣ್ಣಾ, ಬಡೀಬ್ಯಾಡೋ ಮಾರಾಯಾ!" ತಮ್ಮ ನನ್ನ ಮುಂಗೈ ಹಿಡಿದುಕೊಂಡ. "ಇದಕ್ಕ ಪೆಟ್ಟ ಬೇಕಿಲ್ಲ. ಬಡದ್ರ ಸತ್ತೇ ಹೋಗ್ತೈತಿ!"

ನನ್ನ ಸಿಟ್ಟು ನೆತ್ತಿಗೇರಿತು. "ಹಂಗಾರ ನೀನ ಮಾಡು, ಶಾಣ್ಯಾ!"

ಅವನು ಮಾಡಿದ. ಪರದೆ ನೋಡಿ, ಬಿಗಿದು, ಮಷೀನ್ ಹಚ್ಚಿದ. ಹೆಡ್ಡಿಗೆ ಒಂದಿಷ್ಟೂ ನಡುಕವಿಲ್ಲ. ಟೂಲ್ ಒಂದು ಕಡೆ ಸರಿದಷ್ಟು ಒಳಗಿನ ತೂಕ ಇನ್ನೊಂದು ಕಡೆ ಸರಿದು ಸಮ ಮಾಡುತ್ತದಂತೆ. ಅಬ್ಬಾ, ಎಂಥ ತಲೆ ಓಡಿಸಿದ್ದಾರೆ! ತೂತಿನೊಳಗೆ ಬೆರಳಾಡಿಸಿದೆ, ನುಣ್ಣಗಿತ್ತು. ತಮ್ಮ ಹೊಸ ಬೇರಿಂಗನ್ನು ಅದರ ಬಾಯಿಗಿಟ್ಟು ಹೆಬ್ಬೆರಳಿನಿಂದ ಒತ್ತಿದ. ಅದು ಸಲೀಸಾಗಿ ಇಳಿದು, ಅಲುಗದೆ ಕೂತಿತು. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

ಬೆಳಗಿನಿಂದ ಚಹಾ ಮುಟ್ಟದ ಮಾವ, "ಆತು? ಖರೇನ?" ಎಂದವರೇ ಅಕ್ಕನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಯಾರು ಮಾಡಿದ್ರೋ?" ಎಂದು ಕೇಳಿದಳು ಅಕ್ಕ.

"ತಮ್ಮ ಮಾಡ್ಯಾನ ಅಕ್ಕಾ. ಏನ್ ಕೈ ಅದಾವ ಅವಗ!"

"ಮತ್ತ ನೀ?"

"ನಾ ನಿಂತ ನೋಡೀನಿ."

ಅಕ್ಕ ನಕ್ಕಳು. ಬಹಳ ದಿನದ ಮೇಲೆ ಆ ನಗು ಕೇಳಿದ್ದೆ. "ಹಂಗಾರ ನಾಳಿ ಒಲಿ ಹೊತ್ತಸ್ತೀವಿ. ಮೊದಲನೇ ಬಿಸಿ ಬೆಲ್ಲ ಅವಗ. ನೀ ಕಬ್ಬ ತಿನ್ನು!"