ಟೇಪಕ್ಕನ ನೂರ ನಾಲ್ಕು ಅಡಿ

ಕೋಟು ಹೊಲಿಸಲು ಅಳತೆ ಕೊಡೋಣವೆಂದು ಟೇಪಕ್ಕನ ಮನೆಗೆ ಹೋದ ದಿನವೇ ಪರಿಚಯವಾದದ್ದು. "ಮೇಷ್ಟ್ರೇ, ಹೊಟ್ಟೆ ಒಳಗೆ ಎಳ್ಕೋಬೇಡಿ. ಕೋಟು ಹಾಕ್ಕೊಂಡ ಮೇಲೆ ಉಸಿರಾಡೋದು ಬೇಡವಾ?" ಎಂದು ಗದರಿದಳು. ಎರಡು ಸಲ ಅಳೆದ ಮೇಲೆಯೇ ಬರೆದುಕೊಂಡಳು. ಕೊರಳಲ್ಲಿ ಸದಾ ಟೇಪು ಇರುತ್ತಿದ್ದುದರಿಂದ ನನ್ನ ಶಾಲೆಯ ಮಕ್ಕಳು ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು.

ಬಿಳಿಯರೇ ತುಂಬಿದ್ದ ನಮ್ಮ ಬೀದಿಯಲ್ಲಿ ಮನೆ ಕೊಂಡ ಮೊದಲ ಕರಿಯ ಹೆಂಗಸು ಅವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಮುದಿ ತಾಯಿಯ ಮಂಚ. ಹೊಲಿಗೆ ನಿಂತರೆ ಮನೆ ಮಾರಿ ಹೋಗಬೇಕು. ಬೀದಿಯವರಿಗೆ ಬೇಕಾಗಿದ್ದುದೂ ಅದೇ. ಬೆಳಗಾದರೆ ಬಾಗಿಲ ಮೇಲೆ ಕೊಳೆತ ಮೊಟ್ಟೆ.

ಅದು ಸಾಲದೆಂದು ಪುರಸಭೆಗೆ ಅರ್ಜಿ ಹೋಯಿತು. ಶಾಲೆಯ ಗೇಟಿನಿಂದ ನೂರು ಅಡಿಯೊಳಗೆ ಯಾವ ಅಂಗಡಿಯ ಬಾಗಿಲೂ ಇರಕೂಡದೆಂದು ಹಳೆಯ ನಿಯಮವೊಂದಿತ್ತು. ಟೇಪಕ್ಕನ ಬಾಗಿಲು ತೊಂಬತ್ತಾರು ಅಡಿಯಲ್ಲಿದೆಯೆಂದು ಪುರಸಭೆಯ ನಕ್ಷೆಯವನು ಬರೆದುಕೊಟ್ಟ. ಎಪ್ಪತ್ತು ಅಡಿಯಲ್ಲಿದ್ದ ಬಿಳಿಯನ ಔಷಧದ ಅಂಗಡಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಭಾನುವಾರ ಅವಳು ಬೀದಿಗಿಳಿದಳು. ಟೇಪಿನ ಒಂದು ತುದಿಯನ್ನು ನಾನು ಹಿಡಿದೆ. ಗೇಟಿನಿಂದ ಅವಳ ಬಾಗಿಲವರೆಗೆ ಐದಡಿಯ ಟೇಪನ್ನು ಸರಿಸುತ್ತ ಸರಿಸುತ್ತ ಎರಡು ಸಲ ಅಳೆದೆವು. ಎರಡು ಸಲವೂ ನೂರ ನಾಲ್ಕು.

"ಏನ್ ಮೇಷ್ಟ್ರೇ, ಕರಿಯವಳ ಬಾಲ ಹಿಡಿದಿದ್ದೀರಾ?" ಎಂದು ಔಷಧದ ಅಂಗಡಿಯವನು ಕೂಗಿದ.

"ಬಾರಪ್ಪ, ನಿನ್ನ ನಾಲಿಗೇನೂ ಅಳೀತೀನಿ. ಟೇಪು ಸಾಲುತ್ತೋ ಇಲ್ವೋ ನೋಡೋಣ" ಎಂದಳು ಟೇಪಕ್ಕ.

ಸಭೆಯಲ್ಲಿ ಅಧ್ಯಕ್ಷರು ಅವಳ ಲೆಕ್ಕವನ್ನು ಅಲ್ಲಗಳೆಯಲಿಲ್ಲ. ಪಕ್ಕದವರೊಡನೆ ಗುಸುಗುಸು ಮಾತಾಡಿ, "ಹಾಗಾದರೆ ನಿಯಮವನ್ನೇ ನೂರಿಪ್ಪತ್ತು ಅಡಿ ಮಾಡೋಣ. ಹಳೆಯ ಅಂಗಡಿಗಳಿಗೆ ವಿನಾಯಿತಿ" ಎಂದರು. ಕೈಗಳೆಲ್ಲ ಮೇಲೆದ್ದವು.

"ಮೈಗೆ ತಕ್ಕ ಹಾಗೆ ಬಟ್ಟೆ ಕತ್ತರಿಸೋದು ನನ್ನ ಕಸುಬು ಸ್ವಾಮಿ. ನನ್ನ ಬಾಗಿಲಿಗೆ ತಕ್ಕ ಹಾಗೆ ಕಾನೂನು ಹೊಲಿಯೋದು ನಿಮ್ಮದಾ?"

"ಇಷ್ಟ ಇಲ್ಲದಿದ್ದರೆ ನಿನ್ನ ಜನರ ಕೇರಿಗೆ ಹೋಗಮ್ಮ."

"ನನ್ನ ಮನೆ ಇರೋದು ಇಲ್ಲೇ."

ಮನೆಗೆ ಬಂದವಳೇ ಶಾಲೆಯ ಗೇಟಿನಿಂದ ಹಿತ್ತಿಲ ಬಾಗಿಲವರೆಗೆ ಅಳೆದಳು: ನೂರ ಮೂವತ್ತೊಂದು. ಮಂಚ ಮುಂದಕ್ಕೆ ಬಂತು, ಯಂತ್ರ ಹಿಂದಕ್ಕೆ ಹೋಯಿತು, ಮುಂಬಾಗಿಲಿಗೆ ಅಗುಳಿ ಬಿತ್ತು. ಅರ್ಜಿಗೆ ಸಹಿ ಹಾಕಿದವರ ಹೆಂಡಂದಿರು ಈಗ ಮೂಗು ಮುಚ್ಚಿಕೊಂಡು ಚರಂಡಿಯ ಓಣಿಯಿಂದ ಸುತ್ತಿ ಬರುತ್ತಾರೆ. ಏನು ಮಾಡುವುದು, ಅವಳಷ್ಟು ನೆಟ್ಟಗೆ ಹೊಲಿಯುವವರು ಊರಲ್ಲಿ ಬೇರೆ ಯಾರಿದ್ದಾರೆ?

ಮೊಟ್ಟೆಗಳು ಈಗಲೂ ಬೀಳುತ್ತವೆ. ಅವಳು ಒರೆಸಿ ಒಳಗೆ ಹೋಗುತ್ತಾಳೆ. ಪುರಸಭೆಯ ಸಭೆಯನ್ನು ಮಾತ್ರ ಒಂದು ತಿಂಗಳೂ ತಪ್ಪಿಸುವುದಿಲ್ಲ. ಮೊದಲ ಸಾಲಿನಲ್ಲಿ ಕೂತು, ಮಡಿಲಲ್ಲಿಟ್ಟ ಕೋಟಿಗೆ ಗುಂಡಿಯ ಕಾಜಾ ಹಾಕುತ್ತ, ನೂರಿಪ್ಪತ್ತು ಮತ್ತೆ ಬೆಳೆಯುತ್ತದೆಯೇ ಎಂದು ಕಿವಿಗೊಟ್ಟಿರುತ್ತಾಳೆ.