ಚೀಟಿಯಿಲ್ಲದ ಮಾಣಿ ಮತ್ತು ಇರ್ಮಾಳ ಅಡುಗೆಮನೆ

ಮೊಂಟೆವಿಡಿಯೋ ಬಂದರಿನ ಗೇಟಿನೆದುರು ಬೀದಿದೀಪಗಳು ಇನ್ನೂ ಆರಿಲ್ಲ. ರಾತ್ರಿಪಾಳಿ ಮುಗಿಸಿದ ಹಮಾಲರು ಮೂಲೆಯ ಕೆಫೆಗೆ ನುಗ್ಗಿ, ಕಿಟಕಿ ಪಕ್ಕದ ಮೇಜಿಗೆ ದೊಪ್ಪನೆ ಕುಳಿತು, ಎಲ್ಲರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ. ಒಬ್ಬನಿಗೆ ಹಾಲು ಕಾಫಿ, ಇನ್ನೊಬ್ಬನಿಗೆ ಹಾಲು ಒಂದೇ ತೊಟ್ಟು ಬಿದ್ದ ಕಾಫಿ, ಮತ್ತೊಬ್ಬನಿಗೆ ಜೇನು ಬೆರೆಸಿದ ಗ್ರಾಪ್ಪಾ ಸಾರಾಯಿ, ಮಗದೊಬ್ಬನಿಗೆ ಚೀಸ್ ಹಾಕಿ ಸುಟ್ಟ ಬ್ರೆಡ್ಡು. ಮಾಣಿ ವಾಲ್ದೆಮಾರ್ ಪಿರಿಸ್ ಕೈ ಹಿಂದೆ ಕಟ್ಟಿಕೊಂಡು ಕೇಳಿಸಿಕೊಳ್ಳುತ್ತಾರೆ. ಜೇಬಿನಲ್ಲಿ ಪೆನ್ನೂ ಇಲ್ಲ, ಚೀಟಿಯೂ ಇಲ್ಲ. ಎಲ್ಲರದೂ ಮುಗಿದ ಮೇಲೆ ಬಾಗಿಲ ಕಡೆಯ ಕುರ್ಚಿಯಿಂದ ಹಿಡಿದು ಸುತ್ತಲೂ ಒಮ್ಮೆ ಒಪ್ಪಿಸಿ, ಒಳಗೆ ಹೋಗುತ್ತಾರೆ.

ಅವರು ತಟ್ಟೆ ಹೊತ್ತು ಬರುವಷ್ಟರಲ್ಲಿ ಕ್ರೇನ್ ನಡೆಸುವ ಬೈರನ್ ಪಕ್ಕದವನನ್ನು ತನ್ನ ಕುರ್ಚಿಗೆ ಕಳಿಸಿ ತಾನು ಅವನದರಲ್ಲಿ ಕುಳಿತಿದ್ದಾನೆ. ಗ್ರಾಪ್ಪಾ ಹೋಗಿ ಹಾಲು ಕಾಫಿಯವನ ಮುಂದೆ ಕೂರುತ್ತದೆ.

"ನೋಡ್ರೋ, ನಮ್ ಮಾಣಿಯಪ್ಪಂಗೆ ಅರಳುಮರಳು" ಅನ್ನುತ್ತಾನೆ ಬೈರನ್.

"ನಾನ್ ತಂದಿದ್ದು ಕುರ್ಚಿಗೆ ಕಣೋ, ನಿನ್ ಮುಖಕ್ಕಲ್ಲ" ಅನ್ನುತ್ತಾರೆ ವಾಲ್ದೆಮಾರ್, ಲೋಟ ಬದಲಿಸುತ್ತ. "ನಿನ್ ಮುಖ ನೆನಪಿಟ್ಕೊಂಡ್ರೆ ನನಗೆ ನಿದ್ದೆ ಬರಲ್ಲ."

ಇದೇ ಇಲ್ಲಿನ ಹಳೆಯ ಮಾಣಿಗಳ ವಿದ್ಯೆ. ಚೀಟಿ ತೆಗೆದವನನ್ನು ಅವರು ಇನ್ನೂ ಹೊಸಬ ಎಂದೇ ಎಣಿಸುತ್ತಾರೆ. ದನಗಳ ಸೀಮೆ ಟಕ್ವಾರೆಂಬೋದಿಂದ ಮೀಸೆ ಮೂಡುವ ವಯಸ್ಸಿಗೆ ಇಲ್ಲಿಗೆ ಬಂದ ವಾಲ್ದೆಮಾರ್‌ಗೆ ಇದನ್ನು ಕಲಿಸಿದ್ದು ಎಲಾದಿಯೋ ಎಂಬ ಹಿರಿಯ ಮಾಣಿ. ತಿಂಡಿ ಮನುಷ್ಯನಿಗೆ ಸೇರಿದ್ದಲ್ಲ, ಜಾಗಕ್ಕೆ ಸೇರಿದ್ದು. ಯಾವಾಗಲೂ ಒಂದೇ ಕುರ್ಚಿಯಿಂದ ಶುರುಮಾಡಬೇಕು. ನೆನಪಿಗೆ ಜಾಗವೊಂದೇ ಸಾಲದಿದ್ದರೆ ನಗು ಬರುವಂಥ ಚಿತ್ರವೊಂದನ್ನು ಅಂಟಿಸಬೇಕು: ಹಾಲು ಕೇಳಿದ ದಪ್ಪನೆಯ ಆಸಾಮಿ ಹಾಲಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ ಕುಳಿತಿದ್ದಾನೆ ಎಂಬಂತೆ. ನಡೆಯುತ್ತ ನಡೆಯುತ್ತ ಕೇಳಿಸಿಕೊಳ್ಳಲೇಬಾರದು. ಮರೆತರೆ ಅಡುಗೆಮನೆಯಲ್ಲಿ ತಲೆ ಕೆರೆಯುತ್ತ ನಿಲ್ಲದೆ, ಕೇಳಿಸಿಕೊಂಡ ಜಾಗಕ್ಕೇ ವಾಪಸು ಹೋಗಿ ನಿಲ್ಲಬೇಕು. ಅರ್ಧಕ್ಕರ್ಧ ಸಲ ಅಲ್ಲಿ ನಿಂತ ಕೂಡಲೇ ಅದು ತಾನಾಗಿ ಬರುತ್ತದೆ.

ಗಿರಾಕಿಗಳು ತಮ್ಮ ಮರೆವಿಗೂ ಅವರನ್ನೇ ಮದ್ದು ಕೇಳುತ್ತಾರೆ. ಬೀಗದ ಕೈ ದಿನಾ ಕಳೆದುಕೊಳ್ಳುವ ಟ್ಯಾಕ್ಸಿಯವನಿಗೆ ಅವರು ಹೇಳಿದ್ದು ಇಷ್ಟೇ: "ಇಡೋವಾಗ ಬಾಯ್ಬಿಟ್ಟು ಹೇಳು, 'ಫ್ರಿಜ್ ಮೇಲೆ ಇಟ್ಟೆ' ಅಂತ. ಹೆಂಡ್ತಿ ನಕ್ರೆ ಇನ್ನೂ ಒಳ್ಳೇದು. ನಕ್ಕಿದ್ದು ಮರೆಯಲ್ಲ."

ಪಾಳಿ ಮುಗಿಯುವಾಗ ಕಾಲು ಊದಿ ಶೂ ಬಿಚ್ಚುವುದೂ ಕಷ್ಟ. ಬಸ್ಸು ಹಿಡಿದು ಸೆರ್ರೋ ಗುಡ್ಡದ ಮನೆ ಸೇರಿದರೆ ನಿಜವಾದ ಮೇಜು ಅಲ್ಲಿ ಕಾದಿರುತ್ತದೆ. ಹೆಂಡತಿ ಇರ್ಮಾಗೆ ಹೋದ ವರ್ಷದಿಂದ ಮರೆವು. ಹೇಳಿದ್ದನ್ನೇ ಹೇಳುವುದು, ಚಪ್ಪಲಿ ಹುಡುಕುವುದು ಎಲ್ಲ ಸರಿ. ಆದರೆ ಚಳಿಗಾಲದಲ್ಲಿ ಒಮ್ಮೆ ಒಲೆಯ ಮೇಲಿಟ್ಟ ಕೊಬ್ಬಿನ ಬಾಣಲೆಯನ್ನು ಮರೆತು ಅಂಗಳಕ್ಕೆ ಹೋದಳು. ಪರದೆ ಸುಟ್ಟು ಗೋಡೆ ಕಪ್ಪಾಯಿತು. ಮಗಳು ಲೂರ್ದೆಸ್ ಅಂದೇ ಹೇಳಿಬಿಟ್ಟಳು, ಅಮ್ಮ ಇನ್ನು ಒಲೆ ಮುಟ್ಟಕೂಡದು.

ಒಲೆ ಮುಟ್ಟದಿದ್ದರೆ ಇರ್ಮಾ ಇರ್ಮಾ ಅಲ್ಲ. ಮಳೆ ಬಂದರೆ ಈ ಊರಿನಲ್ಲಿ ಮನೆಮನೆಯಲ್ಲೂ ದನದ ಕೊಬ್ಬಿನಲ್ಲಿ ತೋರ್ತಾ ಕರಿಯುತ್ತಾರೆ. ನಡುವೆ ತೂತಿರುವ, ಪೂರಿಯ ಅಕ್ಕನಂಥ ರೊಟ್ಟಿ. ಆ ಬೀದಿಯವರು ಮಾತ್ರ ಕರಿಯುವುದಿಲ್ಲ, ಛತ್ರಿ ಹಿಡಿದು ಇರ್ಮಾಳ ಬಾಗಿಲಿಗೆ ಬರುತ್ತಾರೆ. ಅವರಿಗೆ ಕೊಟ್ಟು ಕಳಿಸಿದ ಮೇಲೇ ಅವಳು ಕೂರುವುದು.

ವಾಲ್ದೆಮಾರ್ ಮಗಳ ಹತ್ತಿರ ಮುಂದಿನ ಮಳೆಯವರೆಗೆ ಗಡುವು ಕೇಳಿಕೊಂಡರು. ಅಡುಗೆಮನೆಯನ್ನೇ ಮೇಜು ಮಾಡಿದರು. ಬಾಗಿಲಿಂದ ಶುರು: ಮೊದಲ ಜಾಗ ಹಿಟ್ಟಿನದು, ಆಮೇಲೆ ಉಪ್ಪು, ಕೊಬ್ಬು, ಲಟ್ಟಣಿಗೆ, ಕೊನೆಗೆ ಒಲೆ. ಒಲೆ ಉರಿಯುವಷ್ಟು ಹೊತ್ತು ಕೆಂಪು ಟವೆಲ್ಲು ಅವಳ ಹೆಗಲ ಮೇಲಿರಬೇಕು. ಟವೆಲ್ಲು ಹೆಗಲ ಮೇಲಿದ್ದರೆ ಅಡುಗೆಮನೆ ದಾಟುವಂತಿಲ್ಲ. ಆರಿಸಿದ ಮೇಲೆ "ಗ್ಯಾಸ್ ಮಲಗ್ತು" ಎಂದು ಜೋರಾಗಿ ಹೇಳಿ ಟವೆಲ್ಲು ಮೊಳೆಗೆ ಹಾಕಬೇಕು. ಸಂಜೆ ಸಂಜೆ ಅಭ್ಯಾಸ. ಕೆಲವು ದಿನ ಇರ್ಮಾ ರೇಗುತ್ತಾಳೆ.

"ನಾನೇನ್ ನಿಮ್ ಗಿರಾಕಿನಾ?"

"ಗಿರಾಕಿ ಆಗಿದ್ರೆ ನೀನು ಇಷ್ಟೊತ್ತಿಗೆ ಭಕ್ಷೀಸ್ ಕೊಟ್ಟಿರ್ತಿದ್ದೆ. ನಡಿ, ಬಾಗಿಲಿಂದ."

ಹೀಗೆ ಹಿಡಿತಕ್ಕೆ ಬರುತ್ತಿದ್ದ ಹೊತ್ತಿಗೆ ಲೂರ್ದೆಸ್‌ಗೆ ಒಂದು ದಿನ ರಜೆ ಸಿಕ್ಕಿತು. ಎರಡು ಕಡೆ ದುಡಿದು, ಮಕ್ಕಳನ್ನು ಮಲಗಿಸಿ, ಅಪ್ಪ ಅಮ್ಮನಿಗೆ ಏನೂ ಮಾಡಲಾಗಲಿಲ್ಲವಲ್ಲ ಎಂದು ಕೊರಗುವ ಹೆಣ್ಣು ಅವಳು. ಆ ರಜೆಯನ್ನೆಲ್ಲ ಸುರಿದು ಅಡುಗೆಮನೆ ಉಜ್ಜಿದಳು. ಹೊಸ ಡಬ್ಬಿಗಳನ್ನು ತಂದು ಎತ್ತರದ ಪ್ರಕಾರ ಜೋಡಿಸಿದಳು, ಕೊಬ್ಬನ್ನು ಫ್ರಿಜ್ಜಿಗಿಟ್ಟಳು, ಕಲೆಯಾದ ಟವೆಲ್ಲನ್ನು ಒಗೆಯಲು ಹಾಕಿದಳು. ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರನೆಯ ಮಧ್ಯಾಹ್ನ ಮಳೆ ಬಂತು.

ವಾಲ್ದೆಮಾರ್ ಬರುವ ಹೊತ್ತಿಗೆ ಇರ್ಮಾ ಅಡುಗೆಮನೆಯ ನಡುವೆ ಬರಿಗೈಯಲ್ಲಿ ನಿಂತು ಅಳುತ್ತಿದ್ದಾಳೆ. "ಇದು ಯಾರ ಮನೆ?" ಎಂದು ಕೇಳುತ್ತಿದ್ದಾಳೆ. ಹೊರಗೆ ಆಗಲೇ ಇಬ್ಬರು ಛತ್ರಿ ಹಿಡಿದು ಬಂದಿದ್ದಾರೆ.

"ನೋಡಿದ್ರಾ ಅಪ್ಪ" ಎನ್ನುತ್ತಾಳೆ, ಗಡುವಿನ ಮಳೆ ಬಂತೆಂದು ಕೆಲಸದ ನಡುವೆ ಓಡಿಬಂದ ಲೂರ್ದೆಸ್. "ಸಾಕು ಮಾಡಿ. ಅವಳನ್ನ ಯಾಕ್ ಹಿಂಸೆ ಮಾಡ್ತೀರ?"

"ಅವಳು ಮರ್ತಿಲ್ಲ ಮಗಳೇ, ಕುರ್ಚಿ ಬದಲಾಗಿದೆ. ನಾನಾಗಿದ್ರೂ ಹೀಗೇ ನಿಲ್ತಿದ್ದೆ."

ಅವರು ಹೆಂಡತಿಯ ಕೈ ಹಿಡಿದು ಬಾಗಿಲಿಗೆ ಕರೆದೊಯ್ಯುತ್ತಾರೆ. ಏನನ್ನೂ ಹೇಳಿಕೊಡದೆ ಹೊಸ್ತಿಲ ಮೇಲೆ ನಿಲ್ಲಿಸುತ್ತಾರೆ. ಮಾಡಿನ ಮೇಲೆ ಮಳೆಯ ಸದ್ದು. ಇರ್ಮಾ ಬಹಳ ಹೊತ್ತು ಖಾಲಿ ಜಾಗ ನೋಡುತ್ತಾಳೆ.

"ಇಲ್ಲಿ ಹಿಟ್ಟು" ಎಂದು ಕೊನೆಗೂ ಬೆರಳು ತೋರಿಸುತ್ತಾಳೆ.

ಲೂರ್ದೆಸ್ ಕಣ್ಣೊರೆಸಿಕೊಂಡು, ಮೇಲಿನ ಹಲಗೆಯಿಂದ ಹಿಟ್ಟಿನ ಡಬ್ಬಿ ಇಳಿಸಿ ಅಮ್ಮ ತೋರಿಸಿದಲ್ಲಿ ಇಡುತ್ತಾಳೆ.

"ಇಲ್ಲಿ ಉಪ್ಪು. ಅಲ್ಲಲ್ಲ, ಈ ಕಡೆ. ಇಷ್ಟ್ ದೊಡ್ಡೋಳಾದ್ರೂ ಒಂದ್ ಡಬ್ಬಿ ಇಡಕ್ ಬರಲ್ಲ ನಿನಗೆ."

ಒಗೆದು ಒಣಗದ ಟವೆಲ್ಲನ್ನು ಮಗಳೇ ಹುಡುಕಿ ತಂದು ಅವಳ ಹೆಗಲಿಗೆ ಹಾಕುತ್ತಾಳೆ. ಕೊಬ್ಬು ಕಾಯುತ್ತದೆ. ಮೊದಲನೆಯ ತೋರ್ತಾ ಉಬ್ಬುತ್ತದೆ, ಎರಡನೆಯದು ಒಂದು ಬದಿ ಕಪ್ಪಾಗುತ್ತದೆ. ಕೊನೆಯದು ಬಾಣಲೆಯಿಂದ ಎದ್ದಾಗ ಇರ್ಮಾ ಒಲೆಯ ಗುಂಡಿ ತಿರುಗಿಸಿ, "ಗ್ಯಾಸ್ ಮಲಗ್ತು" ಅನ್ನುತ್ತಾಳೆ. ಲೂರ್ದೆಸ್ ಹೋಗಿ ಗುಂಡಿ ಮುಟ್ಟಿ ನೋಡುತ್ತಾಳೆ. ಮಲಗಿದೆ.

ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ವಾಲ್ದೆಮಾರ್‌ಗೆ ಗೊತ್ತು. "ಒಂದಿನ ಒಲೇನೂ ಬಿಡ್ಬೇಕಾಗುತ್ತೆ. ಆ ದಿನವನ್ನ ಒಂಚೂರು ಆಚೆಗೆ ತಳ್ತಾ ಇದೀನಿ, ಅಷ್ಟೆ. ತಳ್ಳೋದೇ ನನ್ ಕೆಲ್ಸ" ಅನ್ನುತ್ತಾರೆ. ಈಗ ಮಳೆ ಬಂದ ದಿನ ಲೂರ್ದೆಸ್ ಕೆಲಸದಿಂದ ನೇರ ಇಲ್ಲಿಗೇ ಬರುತ್ತಾಳೆ. ಏನನ್ನೂ ಮುಟ್ಟದೆ ಬಾಗಿಲ ಬಳಿ ಕೂರುತ್ತಾಳೆ.

ಡಬ್ಬಿಗಳು ಮತ್ತೆ ತಮ್ಮ ಜಾಗಕ್ಕೆ ಬಂದ ಆ ಸಂಜೆಯೇ ಎದುರುಮನೆಯ ಓಲ್ಗಾ ತೋರ್ತಾ ಕಚ್ಚಿ ಮುಖ ಹಿಂಡಿದಳು.

"ಇರ್ಮಾ, ಉಪ್ಪು ಜಾಸ್ತಿಯಾಗಿದೆ ಕಣೇ."

ಲೂರ್ದೆಸ್ ಅಪ್ಪನ ಕಡೆ ನೋಡಿದಳು. ಇರ್ಮಾ ಮಾತ್ರ ತಟ್ಟೆಯನ್ನು ಓಲ್ಗಾಳ ಕಡೆ ಇನ್ನಷ್ಟು ನೂಕಿದಳು.

"ಮದುವೆಯಾಗಿ ಬಂದಾಗಿಂದ ಇಷ್ಟೇ ಹಾಕೋದು ನಾನು. ಇದನ್ನೂ ತಗೊಂಡೋಗಿ ಮರೆವಿನ ತಲೆಗೆ ಕಟ್ಟಬೇಡಿ."