ಪ್ರಾಂಪ್ಟಮ್ಮನ ಮೌನ

ನಮ್ಮ ಸೋದರತ್ತೆಗೆ ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ನಾಟಕದ ತಂಡ. ನಟರು ಮಾತು ಮರೆತಾಗ ಪರದೆಯ ಪಕ್ಕದ ಕತ್ತಲಲ್ಲಿ ನಿಂತು ಮೆಲ್ಲಗೆ ಎತ್ತಿಕೊಡುವುದು, ಅಂದರೆ ಪ್ರಾಂಪ್ಟ್ ಮಾಡುವುದು, ಅವರ ಕೆಲಸ. ಅದಕ್ಕೇ ತಂಡದಲ್ಲಿ ಎಲ್ಲರ ಬಾಯಲ್ಲೂ ಅವರು ಪ್ರಾಂಪ್ಟಮ್ಮ. ನಾನು ಹುಟ್ಟುವ ಮೊದಲೇ ಹಿಡಿದ ಕೆಲಸವಂತೆ. ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತವರು ಕೊನೆಯ ಸಾಲಿನ ಅಕ್ಷರಕ್ಕೆ ತಡವರಿಸಿದರೆ ಇವರೇ ಹೇಳಿಬಿಡುತ್ತಿದ್ದರು. ಹಾಗೆ ತಪ್ಪು ನಂಬರಿನ ಕನ್ನಡಕ ಕೊಂಡವರೊಬ್ಬರು ತಿರುಗಿ ಬಂದು ಜಗಳ ತೆಗೆದ ಮೇಲೆ ಮಾಲೀಕರು ಅತ್ತೆಯನ್ನು ಫ್ರೇಮು ಸರಿಮಾಡುವ ಮೇಜಿಗೆ ಕೂರಿಸಿದರು. ಅತ್ತೆಗೆ ಅದರಿಂದ ಒಂದಿಷ್ಟೂ ಬೇಜಾರಿಲ್ಲ. ಪರದಾಡುವವರನ್ನು ನೋಡಿಕೊಂಡು ಸುಮ್ಮನಿರಲು ತನಗೆ ಆಗುವುದಿಲ್ಲ ಎಂದು ಇವತ್ತಿಗೂ ತಲೆಯೆತ್ತಿಯೇ ಹೇಳುತ್ತಾರೆ.

ಈ ವರ್ಷ ತಂಡದವರು ಒಂದು ಹಳೆಯ ದುರಂತ ನಾಟಕ ಎತ್ತಿಕೊಂಡಿದ್ದರು. ದಾದಿಯ ಪಾತ್ರ ಮಾಡಬೇಕಿದ್ದ ಹೆಂಗಸು ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡರು. ಅಷ್ಟೂ ಮಾತು ಬಾಯಿಪಾಠ ಇರುವವರು ಇನ್ಯಾರಿದ್ದಾರೆ? ಪಾತ್ರ ಅತ್ತೆಗೆ ಬಂತು. ಜನ್ಮದಲ್ಲಿ ಮೊದಲ ಸಲ ಬೆಳಕಿಗೆ ಬರುವ ಅವಕಾಶ. ಅತ್ತೆ ಹೆದರಲಿಲ್ಲ, ಅವರ ಪಾಲಿನದನ್ನೂ ಸೇರಿಸಿ ನಾನೇ ಹೆದರಿದೆ.

ಕತೆ ಇಷ್ಟು. ರಾಜನ ಮಗ ಕೂಸಾಗಿದ್ದಾಗಲೇ ಕಳೆದುಹೋಗಿದ್ದಾನೆ. ಈಗ ಬೇಹುಗಾರನೆಂದು ಸಿಕ್ಕಿಬಿದ್ದು ಗಲ್ಲಿಗೆ ಕಾದಿರುವ ಕೈದಿ ಆ ಮಗನೇ. ಅದು ದಾದಿಗೆ ಗೊತ್ತು, ನೋಡುವ ನಮಗೆ ಗೊತ್ತು, ರಾಜನಿಗೆ ಮಾತ್ರ ಗೊತ್ತಿಲ್ಲ. ಸತ್ತ ರಾಣಿಗೆ ಈ ಗುಟ್ಟು ಕಾಯುವುದಾಗಿ ಆಣೆಯಿಟ್ಟಿದ್ದ ದಾದಿ ಬಾಯಿ ಬಿಡುವಂತಿಲ್ಲ. ಗಲ್ಲಿನ ಆಜ್ಞೆಯ ಕಾಗದ ಹಿಡಿದು ರಾಜ ಅವಳನ್ನೇ ಕೇಳುತ್ತಾನೆ: ‘ಇವನಿಗೂ ಒಬ್ಬ ತಂದೆ ಇರಬೇಕಲ್ಲವೇ? ಇಂಥವನನ್ನು ಹೆತ್ತ ಅವನೆಂಥ ನತದೃಷ್ಟ!’ ಆಮೇಲೆ ತುಂಬ ಹೊತ್ತು ಮೌನ. ಆಮೇಲೆ, ‘ಮುದ್ರೆ ತನ್ನಿ.’

ಆ ಮೌನದಲ್ಲೇ ಅತ್ತೆ ಎಡವಿದ್ದು. ರಾಜನ ವೇಷ ಹಾಕಿದ್ದ ಹಲ್ಲಿನ ಡಾಕ್ಟರು ಮಾತು ನಿಲ್ಲಿಸಿದ ತಕ್ಷಣ, ದಾದಿಯಾಗಿ ನಿಂತ ಅತ್ತೆ ತುಟಿ ಅಲ್ಲಾಡಿಸದೆ ‘ಮುದ್ರೆ ತನ್ನಿ’ ಎಂದು ಎತ್ತಿಕೊಟ್ಟುಬಿಡುವರು. ಒಂದು ದಿನವಲ್ಲ, ದಿನಾ. ಡಾಕ್ಟರು ನಗುವರು, ನಿರ್ದೇಶಕರು ತಲೆ ಚಚ್ಚಿಕೊಳ್ಳುವರು. ಭಾನುವಾರದ ತಾಲೀಮಿನಲ್ಲೂ ಇದೇ ಆದರೆ ಪಾತ್ರವನ್ನು ಬೇರೆಯವರಿಗೆ ಕೊಡುವುದಾಗಿ ಕೊನೆಗೆ ಹೇಳಿಯೇಬಿಟ್ಟರು.

ಇನ್ನೂ ಹಲ್ಲು ಮೂಡದ ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನು ಅತ್ತೆಯ ಮನೆಗೆ ಓಡಿದೆ. ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಅವರ ಮುಂದೆ ಸುರಿದೆ. ಇದಕ್ಕೆ ನಾಟಕೀಯ ವ್ಯಂಗ್ಯ ಎನ್ನುತ್ತಾರೆ, ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕರಿಗೆ ತಿಳಿದಿರುತ್ತದೆ, ನಾಯಕ ತನ್ನ ಬಗ್ಗೆಯೇ ಆಡುತ್ತಿದ್ದೇನೆಂಬ ಅರಿವಿಲ್ಲದೆ ಆಡುತ್ತಾನೆ, ಹೀಗೆ. ಅತ್ತೆ ಮಗುವಿನ ಮೂಗು ಒರೆಸುತ್ತ ಕೇಳಿಸಿಕೊಂಡರು.

“ವ್ಯಂಗ್ಯ ಅಂದ್ರೆ ಕುಟುಕಿ ಮಾತಾಡೋದು ತಾನೇ? ಇಲ್ಲಿ ಯಾರೇ ಯಾರನ್ನ ಕುಟುಕಿದ್ದು?”

“ಯಾರೂ ಇಲ್ಲ ಅತ್ತೆ. ಅವನ ಮಾತೇ ಅವನನ್ನ ಕುಟುಕುತ್ತೆ. ಅದು ನಮಗೆ ಕಾಣುತ್ತೆ, ಅವನಿಗೆ ಕಾಣಲ್ಲ.”

“ನಮಗೆ ಅಂದ್ರೆ ಯಾರಿಗೆ?”

“ಮುಂದೆ ಕೂತಿರೋರಿಗೆ.”

ನನಗೆ ಆಗಲೇ ಹೊಳೆದದ್ದು. ಇಷ್ಟು ವರ್ಷದಲ್ಲಿ ಅತ್ತೆ ಒಂದೇ ಒಂದು ನಾಟಕವನ್ನೂ ಕುರ್ಚಿಯಲ್ಲಿ ಕೂತು ನೋಡಿದವರಲ್ಲ. ಪಕ್ಕದಿಂದ ಅವರಿಗೆ ಕಾಣುತ್ತಿದ್ದುದು ನಟರ ಕಿವಿ, ಬೆನ್ನು, ಹೆಚ್ಚೆಂದರೆ ಅರ್ಧ ಕೆನ್ನೆ. ಅಲ್ಲಿ ನಿಂತವರಿಗೆ ಮೌನವೆಂದರೆ ಒಂದೇ ಅರ್ಥ, ಯಾರೋ ಮಾತು ಮರೆತಿದ್ದಾರೆ.

ಶನಿವಾರದ ತಾಲೀಮಿಗೆ ನಿರ್ದೇಶಕರನ್ನು ಕಾಡಿ ಬೇಡಿ ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ವೇಷಭೂಷಣದ ಅಕ್ಕ ದಾದಿಯ ಮಾತು ಓದಿದರು. ರಾಜ ‘ಅವನೆಂಥ ನತದೃಷ್ಟ’ ಎಂದು ನಿಂತ. ಡಾಕ್ಟರ ಕಣ್ಣು ಕಾಗದದ ಮೇಲಿತ್ತು. ಒಂದು ಕ್ಷಣ ಕೈ ಹಿಂದಕ್ಕೆ ಬಂತು. ಬಿಟ್ಟುಬಿಡುತ್ತಾನೇನೋ ಎನ್ನಿಸಿತು. ಪಕ್ಕದಲ್ಲಿ ಅತ್ತೆ ನನ್ನ ಮೊಣಕೈ ಹಿಡಿದ ಹಿಡಿತಕ್ಕೆ ನೋವಾಯಿತು. “ನಿನ್ನ ಮಗನೇ ಕಣೋ” ಎಂದು ಅವರು ಉಸಿರಿನಲ್ಲೇ ಅಂದದ್ದು ನನಗಷ್ಟೇ ಕೇಳಿಸಿತು. ‘ಮುದ್ರೆ ತನ್ನಿ’ ಎಂಬ ಮಾತು ಬಿದ್ದಾಗ ಕುರ್ಚಿಗೆ ಒರಗಿಬಿಟ್ಟರು.

“ಮರೆತೋನ ಮುಖ ಹೀಗಿರಲ್ಲ,” ಎಂದರು. “ಅವನು ಯೋಚನೆ ಮಾಡ್ತಿದಾನೆ ಕಣೇ. ಅವನ ಜೊತೆ ಇಲ್ಲಿರೋರೆಲ್ಲ ಒದ್ದಾಡ್ತಿದಾರೆ. ಮಧ್ಯ ನಾನು ಹೋಗಿ ಬಾಯಿ ಹಾಕ್ತಿದ್ನಲ್ಲ.”

ಭಾನುವಾರ ಅತ್ತೆ ಬಾಯಿ ಹಾಕಲಿಲ್ಲ. ಪಾತ್ರ ಉಳಿಯಿತು.

ಪ್ರದರ್ಶನದ ಸಂಜೆ ನಾನು ಬಾಗಿಲ ಪಕ್ಕದ ತುದಿಯ ಕುರ್ಚಿ ಹಿಡಿದೆ. ಮಗು ಅತ್ತರೆ ಎದ್ದು ಓಡಬೇಕಲ್ಲ. ಸರಿಯಾಗಿ ಆ ಮೌನದಲ್ಲೇ ಅದು ಬಾಯಿ ತೆಗೆಯುತ್ತದೆಂದು ನನಗೆ ಖಾತ್ರಿಯಿತ್ತು. ಮಗು ನಿದ್ದೆಹೋಯಿತು. ಎಡವಟ್ಟಾದದ್ದು ಬೇರೆ ಕಡೆ. ಮಾತು ಎತ್ತಿಕೊಡಲು ಅತ್ತೆಯ ಜಾಗಕ್ಕೆ ಹೊಸದಾಗಿ ಬಂದಿದ್ದವನು ಒಬ್ಬ ಪೋಸ್ಟ್‌ಮ್ಯಾನ್. ರಾಜ ಮಾತು ನಿಲ್ಲಿಸಿದ. ಸಭಾಂಗಣ ಉಸಿರು ಹಿಡಿಯಿತು. ಆ ಮನುಷ್ಯ ಗಾಬರಿಯಾಗಿ ಪರದೆಯ ಸಂದಿನಿಂದ ಅರ್ಧ ಮುಖ ಹೊರಹಾಕಿ ಬಾಯಿ ತೆರೆಯುತ್ತಿರುವುದು ತುದಿಯಲ್ಲಿ ಕೂತ ನನಗೆ ಕಂಡಿತು. ಮುಗಿಯಿತು ಕತೆ ಎಂದುಕೊಂಡೆ.

ಅತ್ತೆ ಅತ್ತ ತಿರುಗಲಿಲ್ಲ. ರಾಜನ ಮುಖದಿಂದ ಕಣ್ಣು ತೆಗೆಯದೆ ಒಂದು ಕೈಯನ್ನು ಬೆನ್ನ ಹಿಂದೆ ಒಯ್ದು, ಅಂಗೈಯನ್ನು ಪರದೆಯ ಸಂದಿನ ಕಡೆ ಅಗಲವಾಗಿ ತೆರೆದು ಹಿಡಿದರು. ಪೋಸ್ಟ್‌ಮ್ಯಾನ್ ಬಾಯಿ ಮುಚ್ಚಿದ. ಮೌನ ಇನ್ನೂ ಬೆಳೆಯಿತು. ನನ್ನ ಹಿಂದಿನ ಸಾಲಿನಲ್ಲಿ ಯಾರೋ “ಬೇಡ” ಎಂದರು. ಆಮೇಲೆ ರಾಜ ತನ್ನ ಹೊತ್ತಿಗೆ ತಾನೇ ಮುದ್ರೆ ಕೇಳಿದ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಅತ್ತೆ ದಾದಿಯ ನರೆಗೂದಲು ಬಿಚ್ಚಿಟ್ಟು ತಮ್ಮ ನರೆಗೂದಲು ಬಾಚಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತ ನಿರ್ದೇಶಕರು ಮುಂದಿನ ನಾಟಕದಲ್ಲೂ ಪಾತ್ರವಿದೆ, ಉದ್ದುದ್ದ ಮಾತುಗಳಿವೆ, ಅವರಿಗೆ ಹೇಳಿ ಮಾಡಿಸಿದಂತಿದೆ ಎಂದರು.

“ಉದ್ದದ್ದು ಬೇರೆ ಯಾರಿಗಾದ್ರೂ ಕೊಡಿ ಸಾರ್,” ಎಂದರು ಅತ್ತೆ, ಬಾಚಣಿಗೆ ಕೆಳಗಿಡದೆ. “ನಂಗೆ ಸುಮ್ನೆ ನಿಲ್ಲೋದು ಜಾಸ್ತಿ ಇರೋ ಪಾತ್ರ ನೋಡಿ.”